ದೂತಿಯ ನಗೆ ಮತ್ತು ವಾಡೆಯ ಚರಿತ್ರೆ

ಯುರೋಪಿನ ಹಳೆಯ ಹಾಸ್ಯಚಿತ್ರಗಳ ವರ್ಗಪ್ರಜ್ಞೆಯನ್ನು ಕುರಿತು ಚರ್ಚೆ ನಡೆದಾಗಲೆಲ್ಲ ಫ್ರಾನ್ಸಿನ ಝಾಂ ರೆನ್ವಾರ್ 1939ರಲ್ಲಿ ನಿರ್ದೇಶಿಸಿದ ‘ದ ರೂಲ್ಸ್ ಆಫ್ ದ ಗೇಮ್’ ಪ್ರಸ್ತಾಪಗೊಳ್ಳುತ್ತದೆ. ಹಳ್ಳಿಯ ಬಂಗಲೆಯಲ್ಲಿ ನೆರೆದ ಸಿರಿವಂತರ ಪ್ರಣಯದಾಟವನ್ನು ಅಲ್ಲಿನ ಆಳುಗಳೂ ಆಡುತ್ತಾರೆ. ಕೊನೆಗೆ ಬೇಟೆಗಾಡಿನ ಕಾವಲುಗಾರನ ಗುಂಡಿಗೆ ಅತಿಥಿಯೊಬ್ಬ ಬಲಿಯಾಗುತ್ತಾನೆ. ಒಡೆಯ ಅದನ್ನು ಆಕಸ್ಮಿಕವೆಂದು ಸಾರಿ ಮನೆತನದ ಮರ್ಯಾದೆ ಉಳಿಸಿಕೊಳ್ಳುತ್ತಾನೆ. ಅದೇ ವರ್ಷ ಫ್ರೆಂಚ್ ಸರಕಾರ ಈ ಚಿತ್ರವನ್ನು ನಿಷೇಧಿಸಿತು. ನಗೆಯನ್ನು ಹಗುರವೆಂದು ಭಾವಿಸಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ಈ ದೃಷ್ಟಿಯಿಂದ ಬೆಳಗಾವಿ ಸೀಮೆಯ ‘ಶ್ರೀಕೃಷ್ಣ ಪಾರಿಜಾತ’ವನ್ನು ಮತ್ತೆ ಪರಿಶೀಲಿಸುವುದು ಅಗತ್ಯ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದುಬಂದ ಈ ಆಟದಲ್ಲಿ ಕಥೆ ದೇವರದು, ಕಲಹ ಸವತಿಯರದು. ನಗೆ ಮಾತ್ರ ದೂತಿಯದು. ಸತ್ಯಭಾಮೆಯ ಗರ್ವವನ್ನೂ ಕೃಷ್ಣನ ಕಪಟವನ್ನೂ ಊರ ಮಾತಿನಲ್ಲಿ ಆಡಿ ತೋರಿಸುವವಳು ಸೇವೆಗೆ ನಿಂತ ಹೆಣ್ಣು. ಆಟದ ಕೊನೆಗೆ ಅರಮನೆ ಅರಮನೆಯಾಗಿಯೇ ಉಳಿಯುತ್ತದೆ, ದೂತಿ ದೂತಿಯಾಗಿಯೇ ಉಳಿಯುತ್ತಾಳೆ ಎಂಬ ಆಕ್ಷೇಪ ನಿಜವೇ. ಆದರೆ ಒಡತಿಯನ್ನು ಆಳಿನ ಕಣ್ಣಿನಿಂದ ಕಾಣುವ ಅವಕಾಶ ಅಷ್ಟು ಹೊತ್ತಾದರೂ ಇಡೀ ಊರಿಗೆ ಒದಗುತ್ತದೆ.

ವಿದ್ವತ್ತಿನ ಲೋಪವಿರುವುದು ಇಲ್ಲಿಯೇ. ಮುದ್ರಿತ ಪಠ್ಯಗಳಿಗೆ ಹಾಡುಗಳೇ ಆಧಾರ. ದೂತಿಯ ಹಾಸ್ಯವಾದರೋ ಬಹುಮಟ್ಟಿಗೆ ಆಶುಮಾತು. ಊರಿನಿಂದ ಊರಿಗೆ, ನಟನಿಂದ ನಟನಿಗೆ ಅದು ಬದಲಾಗುತ್ತದೆ. ಅದನ್ನು ಕೇವಲ ರಂಜನೆಯೆಂದು ಬದಿಗಿಟ್ಟ ಸಂಪಾದನೆ, ಅರಿವಿಲ್ಲದೆಯೇ ಒಡೆಯರ ಪಕ್ಷ ವಹಿಸುತ್ತದೆ.

ಸವದತ್ತಿ ತಾಲೂಕಿನ ಸಿರಸಂಗಿ ಈ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಆ ಸಂಸ್ಥಾನದ ತ್ಯಾಗವೀರ ಲಿಂಗರಾಜ ದೇಸಾಯಿ (1861–1906) ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಮುಡಿಪಿಟ್ಟವರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಆ ದಾನದ ಚರಿತ್ರೆ ಬರೆಯಲ್ಪಟ್ಟದ್ದು ಯೋಗ್ಯವೇ ಸರಿ. ಆದರೆ ವಾಡೆಗೆ ನೀರು ಹೊತ್ತವರು, ಕುದುರೆ ನೋಡಿಕೊಂಡವರು ಹಿತ್ತಲಿನಲ್ಲಿ ಯಾವುದಕ್ಕೆ ನಗುತ್ತಿದ್ದರು ಎಂಬುದನ್ನು ದಾನಪತ್ರಗಳು ಹೇಳಲಾರವು. ಅಂಥ ನಗೆಯ ಜಾಡು ಎಲ್ಲಿಯಾದರೂ ಉಳಿದಿದ್ದರೆ ಅದು ದೂತಿಯ ಮಾತಿನಲ್ಲಿ.

ಆದುದರಿಂದ ಪಾರಿಜಾತದ ಸಂಶೋಧಕರು ಹಾಡಿನ ಪಾಠಾಂತರಗಳಿಗೆ ತೋರುವ ಶ್ರದ್ಧೆಯನ್ನು ಆಶುಮಾತಿನ ದಾಖಲಾತಿಗೂ ತೋರಬೇಕು. ಯಾವ ಊರಿನಲ್ಲಿ, ಯಾರ ಮುಂದೆ, ಯಾವ ಮಾತಿಗೆ ಜನ ನಕ್ಕರು ಎಂಬುದೂ ಪಠ್ಯದ ಭಾಗವೇ. ಹಿರಿಯ ಕಲಾವಿದರು ಇರುವಾಗಲೇ ಈ ಕೆಲಸ ಆಗದಿದ್ದರೆ, ಹಾಡು ಗ್ರಂಥದಲ್ಲಿ ಉಳಿದೀತು, ದೂತಿ ಮೂಕಳಾದಾಳು.