ಕರೆಂಟು ಸರ್ಕಾರದ್ದು, ಸ್ವಿಚ್ಚು ನಮ್ಮದು

ನಮ್ಮಮ್ಮ ಊರಿಂದ ಬರುವಾಗ ಬ್ಯಾಗಿನಲ್ಲಿ ಹುರುಳಿಕಾಳು, ತೆಂಗಿನಕಾಯಿ ಜೊತೆ ಒಂದು ಟಾರ್ಚನ್ನೂ ಇಟ್ಟುಕೊಂಡು ಬರುತ್ತಾಳೆ. "ಬೆಂಗಳೂರಲ್ಲಿ ಟಾರ್ಚ್ ಯಾಕಮ್ಮ?" ಅಂತ ಪ್ರತಿ ಸಲ ನಗುತ್ತಿದ್ದೆ. ಕಳೆದ ವರ್ಷ ದೀಪಾವಳಿ ಮುಗಿಸಿಕೊಂಡು ಬಂದಿದ್ದಾಗ ಒಂದು ರಾತ್ರಿ ಮೂರು ಗಂಟೆಗೆ ನೀರು ಕುಡಿಯೋಣ ಅಂತ ಎದ್ದೆ. ಹಾಲ್‌ನಲ್ಲಿ ಒಂದು ಪುಟ್ಟ ಬೆಳಕು ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಾತ್‌ರೂಮಿನ ಕಡೆ ಹೋಗುತ್ತಿತ್ತು. ಅಮ್ಮ. ಕೈಯಲ್ಲಿ ಟಾರ್ಚು. ತಲೆಯ ಮೇಲೆ 16 ಮಿಲಿಯನ್ ಬಣ್ಣದಲ್ಲಿ ಉರಿಯಬಲ್ಲ ಸ್ಮಾರ್ಟ್ ಬಲ್ಬು, ಆರಿಕೊಂಡು.

"ಲೈಟ್ ಹಾಕ್ಕೋಬಾರದಾ?" ಅಂದೆ.

"ಸ್ವಿಚ್ ಮುಟ್ಟಬೇಡ ಅಂತ ನೀನೇ ಅಂದಿದ್ದೆಯಲ್ಲಪ್ಪ" ಅಂದಳು.

ಹೌದು, ಅಂದಿದ್ದೆ. ಸ್ಮಾರ್ಟ್ ಬಲ್ಬಿಗೆ ಯಾವಾಗಲೂ ಕರೆಂಟು ಹರಿಯುತ್ತಿರಬೇಕು. ಗೋಡೆಯ ಸ್ವಿಚ್ ಆಫ್ ಆದರೆ ಅದು ನೆಟ್‌ವರ್ಕಿಂದಲೇ ಕಳಚಿಕೊಳ್ಳುತ್ತೆ. ಆಮೇಲೆ ಆ್ಯಪ್ ಒತ್ತಿದರೂ ಇಲ್ಲ, ಕೂಗಿದರೂ ಇಲ್ಲ. ನಮ್ಮಮ್ಮನದು ನಲವತ್ತು ವರ್ಷದ ಅಭ್ಯಾಸ: ರೂಮಿಂದ ಆಚೆ ಕಾಲಿಟ್ಟರೆ ಕೈ ತಾನಾಗಿ ಸ್ವಿಚ್ ಆರಿಸುತ್ತೆ. ಅದಕ್ಕೇ ನಾನು ಸ್ವಿಚ್ಚಿನ ಮೇಲೆ ಸೆಲ್ಲೋಟೇಪ್ ಹಚ್ಚಿದ್ದೆ. ಆ್ಯಪ್ ಇದ್ದದ್ದು ನನ್ನ ಮತ್ತು ನನ್ನ ಹೆಂಡತಿಯ ಫೋನಿನಲ್ಲಿ. ಮಾತಲ್ಲಿ ಹೇಳೋಣ ಅಂದರೆ ಅಮ್ಮನ ತುರುವೇಕೆರೆ ಕನ್ನಡ ಆ ಡಬ್ಬಿಗೆ ಹತ್ತಲಿಲ್ಲ. ಅಂದರೆ ಮಗನ ಮನೆಯಲ್ಲಿ ಒಂದು ಲೈಟ್ ಹಾಕೋ ಅಧಿಕಾರ ಆಕೆಗೆ ಇರಲಿಲ್ಲ. ಕಿತ್ತುಕೊಂಡವನು ನಾನೇ, ಬಿಇ ಮಾಡಿದ ಮಗ.

ಈಗ ನಾನೂ ಎಲ್ಲರ ಹಾಗೆ ಊರಾಚೆ ಒಂದು 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೀನಿ. ಮೋಲ್ಡ್ ಹಾಕಿಸೋ ಮುಂಚೆ ಎಲೆಕ್ಟ್ರಿಕಲ್ ಪೈಪ್ ಎಲ್ಲೆಲ್ಲಿ ಅಂತ ತೀರ್ಮಾನ ಆಗಬೇಕಿತ್ತು. ಆಫೀಸಿನ ಊಟದ ಟೇಬಲ್ಲಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಸೆಂಟ್ರಲೈಸ್ಡಾ, ವೈರ್‌ಲೆಸ್ಸಾ?" ಎರಡೂ ಕಡೆಯವರು ಬಂದು ಕೊಟೇಶನ್ ಕೊಟ್ಟುಹೋದರು. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ನನಗನ್ನಿಸಿದ್ದು ಇಷ್ಟೇ: ಆ ಪ್ರಶ್ನೆಯೇ ತಪ್ಪು. ಕೇಳಬೇಕಾದ್ದು, ಲೈಟ್ ಹಾಕೋಕೆ ಯಾರ ಅಪ್ಪಣೆ ಬೇಕು ಅಂತ.

ಮೊದಲು ಸೆಂಟ್ರಲೈಸ್ಡ್. ಮಾಮೂಲಿ ಮನೆಯಲ್ಲಿ ವೈರು ಡಿಬಿಯಿಂದ ಸ್ವಿಚ್ ಬೋರ್ಡಿಗೆ, ಅಲ್ಲಿಂದ ಲೈಟಿಗೆ ಹೋಗುತ್ತೆ. ಇದರಲ್ಲಿ ಹಾಗಲ್ಲ, ಪ್ರತಿ ಲೈಟಿನ ವೈರೂ ನೇರ ಒಂದು ಪ್ಯಾನೆಲ್ಲಿಗೆ ಬರುತ್ತೆ. ಅಲ್ಲಿ ರಿಲೇ, ಡಿಮ್ಮರುಗಳ ಸಾಲು. ಗೋಡೆ ಮೇಲಿರೋ ಸ್ವಿಚ್ಚಿಗೆ 230 ವೋಲ್ಟ್ ಬರೋದೇ ಇಲ್ಲ, ಅದು ಬರೀ ಸಂದೇಶ ಕಳಿಸೋ ಗುಂಡಿ. ಇದರಲ್ಲಿ ಹೆಸರಾದದ್ದು ಕೆಎನ್‌ಎಕ್ಸ್. ಯುರೋಪಿನಲ್ಲಿ 1990ರ ಹೊತ್ತಿಗೆ ಶುರುವಾದ ಇಐಬಿ ಅನ್ನೋದರಿಂದ ಬೆಳೆದ ಸ್ಟ್ಯಾಂಡರ್ಡು. ಒಂದು ಹಸಿರು ಕೇಬಲ್ಲಿನಲ್ಲಿ ಸೆಕೆಂಡಿಗೆ 9600 ಬಿಟ್ ಹರಿಯುತ್ತೆ. ಗಿಗಾಬಿಟ್ ಕಾಲದಲ್ಲಿ ಕೇಳಿದರೆ ನಗು ಬರಬಹುದು, ಆದರೆ "ಆನ್ ಆಗು" ಅನ್ನೋಕೆ ಎಷ್ಟು ಬಿಟ್ ಬೇಕು ಹೇಳಿ? ಅದಕ್ಕೆ ಇಂಟರ್ನೆಟ್ ಬೇಡ, ಫೋನ್ ಬೇಡ. ಒಂದು ಸ್ವಿಚ್ ಕೆಟ್ಟರೆ ಉಳಿದವು ತಮ್ಮ ಪಾಡಿಗೆ ನಡೆಯುತ್ತವೆ. ನಿಜಕ್ಕೂ ಒಳ್ಳೆ ಇಂಜಿನಿಯರಿಂಗ್ ಅದು. ದುಡ್ಡು ಮಾತ್ರ ಮನೆಯ ಮರದ ಕೆಲಸದಷ್ಟು.

ದುಡ್ಡು ಇಎಂಐನಲ್ಲಿ ಹೋಗುತ್ತೆ ಬಿಡಿ. ನನಗೆ ಕಸಿವಿಸಿ ಆಗಿದ್ದು ಬೇರೆ ಕಡೆ. ಯಾವ ಗುಂಡಿ ಒತ್ತಿದರೆ ಯಾವ ಲೈಟು ಅನ್ನೋದನ್ನ ಇಟಿಎಸ್ ಅನ್ನೋ ಸಾಫ್ಟ್‌ವೇರಿನಲ್ಲಿ ಬರೆಯಬೇಕು. ಮನೆಯ ಇಡೀ ಜಾತಕ ಆ ಪ್ರಾಜೆಕ್ಟ್ ಫೈಲಿನಲ್ಲಿ ಇರುತ್ತೆ. "ಕೆಲಸ ಮುಗಿದ ಮೇಲೆ ಫೈಲ್ ನನಗೆ ಕೊಡ್ತೀರಾ?" ಅಂತ ಕೇಳಿದೆ. "ಅದ್ಯಾಕೆ ಸಾರ್, ನಾವಿದ್ದೀವಲ್ಲ" ಅಂದರು.

ನಾವಿದ್ದೀವಲ್ಲ! ಈ ಮಾತು ಕೇಳಿ ಬೆಳೆದವನು ನಾನು. ನಮ್ಮೂರಲ್ಲಿ ಟಿಸಿ ಸುಟ್ಟುಹೋದರೆ ಇಡೀ ಊರು ವಾರಗಟ್ಟಲೆ ಕತ್ತಲು. ಅಪ್ಪ ಮತ್ತು ನಾಲ್ಕು ಜನ ಟೌನಿಗೆ ಹೋಗಿ ಅರ್ಜಿ ಕೊಟ್ಟು, ಬಂದವರಿಗೆಲ್ಲ ಟೀ ಕುಡಿಸಿ, ಕೊನೆಗೆ ಟ್ರ್ಯಾಕ್ಟರಿನಲ್ಲಿ ಹೊಸ ಟಿಸಿ ತರೋ ಹೊತ್ತಿಗೆ ಕೊಬ್ಬರಿ ಗಿಡಗಳೆಲ್ಲ ನೀರಿಲ್ಲದೆ ಬಾಡಿರುತ್ತಿದ್ದವು. ಎಲ್ಲವನ್ನೂ ಒಂದೇ ಕಡೆ ಕಟ್ಟಿ ಅದರ ಕೀಲಿ ಬೇರೆಯವರ ಕೈಯಲ್ಲಿಟ್ಟರೆ ಏನಾಗುತ್ತೆ ಅಂತ ನಮ್ಮೂರಿಗೆ ಯಾರೂ ಪಿಪಿಟಿ ಹಾಕಿ ತೋರಿಸಬೇಕಿಲ್ಲ. ಹಾಗಂತ ಆ ಕತ್ತಲಲ್ಲೂ ಸ್ವಿಚ್ಚು ನಮ್ಮದೇ ಆಗಿತ್ತು. ಕರೆಂಟು ಬಂದ ಕ್ಷಣ ಯಾರನ್ನೂ ಕೇಳದೆ ಲೈಟು ಹತ್ತುತ್ತಿತ್ತು.

ಇನ್ನು ವೈರ್‌ಲೆಸ್. "ಗೋಡೆ ಕೊರೆಯೋದಿಲ್ಲ, ಧೂಳಿಲ್ಲ, ಒಂದೇ ದಿನದ ಕೆಲಸ ಸಾರ್" ಅನ್ನೋದು ಅವರ ಮಂತ್ರ. ಬಾಡಿಗೆ ಮನೆಗೆ ಸರಿ. ಆದರೆ ಇನ್ನೂ ಇಟ್ಟಿಗೆ ಕಟ್ಟುತ್ತಿರೋ ಮನೆಯಲ್ಲಿ, ಗೋಡೆ ಹೇಗೂ ಕೊರೆಯೋದಿದ್ದೇ ಇರುವಾಗ, ವೈರ್ ಉಳಿಸಿ ಯಾವ ಪುಣ್ಯ ಕಟ್ಟಿಕೊಳ್ಳಬೇಕು?

ಇದರಲ್ಲೂ ಜಾತಿಗಳಿವೆ. ಅತಿ ಅಗ್ಗ ವೈಫೈ ಬಲ್ಬು. ಮನೆಯ ರೌಟರಿಗೆ ಮೂವತ್ತು ಬಲ್ಬು ಜೋತುಬಿದ್ದರೆ ಆಫೀಸಿನ ಮೀಟಿಂಗ್ ನಡುವೆ ನಿಮ್ಮ ಮುಖ ಹೆಪ್ಪುಗಟ್ಟಿ ನಿಂತರೆ ಆಶ್ಚರ್ಯವಿಲ್ಲ. ಜಿಗ್‌ಬೀ ಉತ್ತಮ, ಬಲ್ಬಿಂದ ಬಲ್ಬಿಗೆ ಮಾತು ದಾಟಿಸುತ್ತೆ. ಆದರೆ ಅದೇ ಕಾರಣಕ್ಕೆ ಅಮ್ಮ ಒಂದು ಸ್ವಿಚ್ ಆರಿಸಿದರೆ ಪಕ್ಕದ ರೂಮಿನ ಬಲ್ಬಿಗೂ ದಾರಿ ತಪ್ಪಬಹುದು. ಅಲ್ಲಿಗೆ ಮತ್ತೆ ಸೆಲ್ಲೋಟೇಪು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮೈವಾನ್ ಶಟರಿಂಗ್ ಹಾಕಿ ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರಲ್ಲ, ಅಲ್ಲಿ ಎರಡು ಗೋಡೆ ದಾಟೋ ಹೊತ್ತಿಗೆ ಸಿಗ್ನಲ್ಲು ಏದುಸಿರು ಬಿಡುತ್ತೆ. ಆಮೇಲೆ ವೈರ್ ಎಳೆಯೋಣ ಅಂದರೆ ಆ ಗೋಡೆ ಕೊರೆಯೋ ಹಾಗೂ ಇಲ್ಲ.

ನಿದ್ದೆಯಲ್ಲೂ ಬಲ್ಬು ಅಪ್ಪಣೆಗೆ ಕಾಯುತ್ತಾ ಕರೆಂಟು ತಿನ್ನುತ್ತಲೇ ಇರುತ್ತೆ. ಒಂದಕ್ಕೆ ಅರ್ಧ ವ್ಯಾಟ್ ಅಂತ ಹಿಡಿದರೂ ಮೂವತ್ತು ಬಲ್ಬಿಗೆ ತಿಂಗಳಿಗೆ ಹತ್ತು ಯೂನಿಟ್ ಮೇಲೆ, ಒಂದು ಲೈಟೂ ಹಾಕದೆ. ಇನ್ನು ಕರೆಂಟು ಹೋಗಿ ಬಂದ ಕೂಡಲೇ ಪೂರ್ತಿ ಬೆಳಕಲ್ಲಿ ಹತ್ತಿಕೊಳ್ಳೋದು ಇಂಥ ಹಲವು ಬಲ್ಬುಗಳ ಹುಟ್ಟುಗುಣ, ಸೆಟ್ಟಿಂಗ್ ಬದಲಿಸದಿದ್ದರೆ. ನಮ್ಮನೆಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಕರೆಂಟು ವಾಪಸ್ ಬಂತು. ಹನ್ನೊಂದು ಬಲ್ಬೂ ಒಟ್ಟಿಗೆ ಧಗ್ಗೆಂದವು. ಅಮ್ಮ ಬೆಳಗಾಯಿತು ಅಂದುಕೊಂಡು ಎದ್ದು ಬಾಗಿಲಿಗೆ ನೀರು ಹಾಕೋಕೆ ಹೊರಟಿದ್ದಳು.

ಇವೆಲ್ಲ ಸಣ್ಣ ಕಿರಿಕಿರಿ, ಸೆಟ್ಟಿಂಗ್‌ನಲ್ಲಿ ಸರಿ ಹೋಗುತ್ತೆ ಅಂತೀರಿ. ಸರಿ, ದೊಡ್ಡದಕ್ಕೆ ಬರೋಣ. ಅಗ್ಗದ ಬಲ್ಬುಗಳಲ್ಲಿ ಬಹಳಷ್ಟು ಕಂಪನಿಯ ಸರ್ವರಿನ ಅಪ್ಪಣೆ ಕೇಳಿಯೇ ಹತ್ತೋದು. ನೀವು ಹಾಲ್‌ನಲ್ಲಿ ಕೂತು ಆ್ಯಪ್ ಒತ್ತಿದರೆ ಆ ಮಾತು ಎಲ್ಲೋ ದೂರದ ಡೇಟಾ ಸೆಂಟರಿಗೆ ಹೋಗಿ, ಅಲ್ಲಿಂದ ವಾಪಸ್ ಬಂದು, ನಿಮ್ಮ ತಲೆ ಮೇಲಿನ ಲೈಟು ಹಾಕುತ್ತೆ. ನನ್ನ ಕೆಲಸವೇ ಅಂಥ ಸರ್ವರುಗಳನ್ನ ಕಾಯೋದು. ಆನ್‌-ಕಾಲ್ ವಾರದಲ್ಲಿ ದಿಂಬಿನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಮಲಗೋನು ನಾನು. ನಾವು ಎದೆಯುಬ್ಬಿಸಿ ಹೇಳೋ 99.9 ಪರ್ಸೆಂಟ್ ಅಂದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಸತ್ತಿರಬಹುದು ಅಂತ ಅರ್ಥ. ಬ್ಯಾಂಕಿನ ಆ್ಯಪಿಗೆ ಅದು ನಡೆಯುತ್ತೆ. ರಾತ್ರಿ ಮೂರು ಗಂಟೆಗೆ ಮೆಟ್ಟಿಲು ಇಳಿಯೋ ಅಜ್ಜಿಗೆ ನಡೆಯಲ್ಲ. ಊರಲ್ಲಿ ಅಪ್ಪ ಹಾಕಿಸಿದ ಕಪ್ಪು ಪಿಯಾನೋ ಸ್ವಿಚ್ಚು ನನ್ನ ಎಸ್‌ಎಸ್‌ಎಲ್‌ಸಿಯಿಂದ ಇವತ್ತಿನವರೆಗೂ ಒಂದೇ ಒಂದು ಅಪ್‌ಡೇಟ್ ಕೇಳಿಲ್ಲ.

ಸರ್ವರು ಕೆಡೋದಿರಲಿ, ಕಂಪನಿಯೇ ಕೈಬಿಟ್ಟರೆ? ಅಮೆರಿಕದಲ್ಲಿ ರಿವಾಲ್ವ್ ಅನ್ನೋ ಸ್ಮಾರ್ಟ್ ಹೋಮ್ ಹಬ್ ಇತ್ತು. ಗೂಗಲ್ಲಿನ ನೆಸ್ಟ್ 2014ರಲ್ಲಿ ಅದನ್ನು ಕೊಂಡಿತು, 2016ರ ಮೇನಲ್ಲಿ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ತಂದ ಹಬ್ಬು ಬರೀ ಡಬ್ಬಿಯಾಯಿತು. 2020ರ ಮೇನಲ್ಲಿ ವಿಂಕ್ ಅನ್ನೋ ಕಂಪನಿ, ಒಂದು ವಾರದೊಳಗೆ ತಿಂಗಳಿಗೆ 4.99 ಡಾಲರ್ ಚಂದಾ ಕಟ್ಟೋಕೆ ಶುರು ಮಾಡಿ, ಇಲ್ಲದಿದ್ದರೆ ನಿಮ್ಮ ಹಬ್ ಕೆಲಸ ಮಾಡಲ್ಲ ಅಂತ ಗ್ರಾಹಕರಿಗೆ ಹೇಳಿತು. ಗಲಾಟೆ ಆದ ಮೇಲೆ ಗಡುವು ಮುಂದಕ್ಕೆ ಹೋಯಿತೇ ಹೊರತು ಚಂದಾ ಹೋಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಹೇಳದೆ ಕೇಳದೆ ನಿಂತವು. ಆ್ಯಪ್ ಸತ್ತರೂ ಗೋಡೆಯ ಸ್ವಿಚ್ಚಿಗೆ ಬೆರಳೊತ್ತಿದರೆ ಅವರ ಲೈಟು ಹತ್ತುತ್ತಿತ್ತು ಅನ್ನೋದೊಂದೇ ಸಮಾಧಾನ. ಕೊನೆಗೆ ಗ್ರಾಹಕರದ್ದೇ ಒಂದು ಗುಂಪು ಆ ಕಂಪನಿಯನ್ನ ಕೊಂಡು ಜೂನ್‌ನಲ್ಲಿ ಮತ್ತೆ ಶುರು ಮಾಡಿತು. ಲೈಟ್ ಹಾಕೋಕೆ ಕಂಪನಿ ಕೊಂಡುಕೊಳ್ಳಬೇಕಾದ ಕಾಲ ಕಣ್ರೀ ಇದು.

"ನೀನೇ ಸಾಫ್ಟ್‌ವೇರಿನೋನು, ನೀನೇ ಹಿಂಗಂದ್ರೆ ಹೆಂಗೆ?" ಅಂತ ಸ್ನೇಹಿತರು ಕಾಲೆಳೆಯುತ್ತಾರೆ. ಅಡುಗೆ ಭಟ್ಟನಿಗೆ ಹೋಟೆಲಿನ ಒಳಗೆ ಏನಿದೆ ಅಂತ ಗೊತ್ತಿರುತ್ತೆ, ಅಷ್ಟೇ. ಹಾಗಂತ ಸ್ಮಾರ್ಟ್ ಲೈಟಿಂಗೇ ಸುಳ್ಳು ಅಂತಲೂ ನಾನು ಹೇಳಲ್ಲ. ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ಮಲಗಿದ್ದಾಗ ಒಂದು ಲೈಟಿಗೂ ದೊಡ್ಡಮ್ಮನನ್ನ ಕೂಗಬೇಕಿತ್ತು. ಹಾಗೆ ಕೂಗೋದಕ್ಕೆ ಅವರಿಗೆ ಆಗುತ್ತಿದ್ದ ಸಂಕೋಚ ನಾನು ನೋಡಿದ್ದೀನಿ. ಅಂಥವರಿಗೆ ಮಾತಲ್ಲಿ ಹತ್ತೋ ಲೈಟು ಷೋಕಿ ಅಲ್ಲ, ಮರ್ಯಾದೆ. ಮೆಟ್ಟಿಲಿನಲ್ಲಿ ಕಾಲಿಟ್ಟ ಕೂಡಲೇ ಹತ್ತೋ ಸೆನ್ಸರ್ ಲೈಟೂ ಬೇಕಾದ್ದೇ. ನನ್ನ ತಕರಾರು ಒಂದೇ: ಹೊಸ ದಾರಿ ಸೇರಿಸಿ, ಹಳೇ ದಾರಿ ಮುಚ್ಚಬೇಡಿ.

ಹಾಗಾಗಿ ನಾನು ಮಾಡಿದ್ದು ಹೀಗೆ. ಎಲ್ಲ ಲೈಟಿಗೂ ಮಾಮೂಲಿ ವೈರಿಂಗ್, ಮಾಮೂಲಿ ಸ್ವಿಚ್ಚು. ಆದರೆ ಪ್ರತಿ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ಎಳೆಸಿದೆ. ಪ್ಲಗ್ ಇರೋ ಬೋರ್ಡಿನಲ್ಲಿ ನ್ಯೂಟ್ರಲ್ ಹೇಗೂ ಇರುತ್ತೆ, ಹಾಸಿಗೆ ಪಕ್ಕದ ಮತ್ತು ಮೆಟ್ಟಿಲಿನ ಟೂ-ವೇ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಇರಲ್ಲ, ಹೇಳಿ ಹಾಕಿಸಬೇಕು. ಬಾಕ್ಸುಗಳನ್ನ ಸ್ವಲ್ಪ ಆಳವಾಗಿ ಕೂರಿಸಿದೆವು, ನಾಳೆ ಸ್ವಿಚ್ಚಿನ ಹಿಂದೆ ಒಂದು ಪುಟ್ಟ ಮಾಡ್ಯೂಲ್ ಇಡೋಕೆ ಜಾಗ ಇರಲಿ ಅಂತ. ಡಿಬಿಯಿಂದ ಮಹಡಿಗೆ ಎರಡು ಖಾಲಿ ಪೈಪು, ಒಳಗೆ ಎಳೆಯೋಕೆ ಒಂದೊಂದು ತಂತಿ. ಮೋಲ್ಡ್ ಆಗೋ ಮುಂಚೆ ಇವಕ್ಕೆಲ್ಲ ಆಗೋ ಖರ್ಚು ಒಂದು ಒಳ್ಳೆ ಫೋನಿನಷ್ಟೂ ಇಲ್ಲ. ಆಮೇಲೆ ಮಾಡಿಸೋಕೆ ಹೋದರೆ ಗೋಡೆ, ಪುಟ್ಟಿ, ಪೇಂಟು, ಹೆಂಡತಿಯ ಕೋಪ ಎಲ್ಲ ಸೇರುತ್ತೆ.

ಸ್ಮಾರ್ಟ್ ಆಗೋದು ಐದೇ ಪಾಯಿಂಟು: ಗೇಟು, ಮೆಟ್ಟಿಲು, ಹಾಲು, ಅಮ್ಮನ ರೂಮಿಂದ ಬಾತ್‌ರೂಮಿನ ದಾರಿ, ಟೆರೇಸು. ಸ್ಮಾರ್ಟ್ ಬಲ್ಬಿಲ್ಲ. ಸ್ವಿಚ್ಚಿನ ಹಿಂದೆ ಮಾಡ್ಯೂಲು, ಅದನ್ನ ನಡೆಸೋ ಹಬ್ಬು ಮನೆಯೊಳಗೇ. ಸ್ವಿಚ್ ಒತ್ತಿದರೂ ಹತ್ತುತ್ತೆ, ಫೋನಿಂದಲೂ ಹತ್ತುತ್ತೆ. ಹಬ್ ಸತ್ತರೆ ಸ್ವಿಚ್ ಇದ್ದೇ ಇದೆ. ಮಾಡ್ಯೂಲೇ ಸತ್ತರೆ ಬೀದಿ ಕೊನೆಯ ಅಂಗಡಿಯ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಅದನ್ನ ಕಿತ್ತು ವೈರ್ ಕೂಡಿಸುತ್ತಾನೆ.

ನೀವು ಕೆಎನ್‌ಎಕ್ಸ್ ಹಾಕಿಸೋರಾ? ಹಾಕಿಸಿ, ಪ್ರಾಜೆಕ್ಟ್ ಫೈಲ್ ಕೈಗೆ ಬರೋವರೆಗೂ ಕೊನೇ ಕಂತು ಕೊಡಬೇಡಿ. ವೈರ್‌ಲೆಸ್ಸಾ? ಸರಿ, ಮಾರೋರು ಮನೆಗೆ ಬಂದಾಗ ರೌಟರ್ ಆಫ್ ಮಾಡಿ, ಅವರ ಫೋನನ್ನ ಟೀಪಾಯಿ ಮೇಲೆ ಇಡಿಸಿ, "ಈಗ ಲೈಟ್ ಹಾಕಿ" ಅನ್ನಿ. ಗೋಡೆ ಮುಟ್ಟಿ ಹಾಕಿದರೆ ಮುಂದಿನ ಮಾತು. "ನೆಟ್ ಬರಲಿ ಸಾರ್" ಅಂದರೆ ಕಾಫಿ ಕೊಟ್ಟು ಕಳಿಸಿ.

ಸಂಜೆ ಲೈಟ್ ಹಾಕಿದ ಕೂಡಲೇ ಕೈಮುಗಿಯೋದು ನಮ್ಮಮ್ಮನ ಅಭ್ಯಾಸ. ಬಾಡಿಗೆ ಮನೆಯಲ್ಲಿ ಸರಿಯಾಗಿ ಆರೂವರೆಗೆ ಬಲ್ಬುಗಳು ತಾವೇ ಹತ್ತುತ್ತಿದ್ದವು. ಸೊಪ್ಪು ಸೋಸುತ್ತಾ ಕೂತಿದ್ದವಳು ಗಡಬಡಿಸಿ ಕೈಮುಗಿಯುತ್ತಿದ್ದಳು, ನೆಂಟರು ಹೇಳದೆ ಬಂದ ಹಾಗೆ. ನಾನೂ ನನ್ನ ಹೆಂಡತಿಯೂ ಅದನ್ನ ನೋಡಿ ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ನಗು ಬರಲ್ಲ.

ಹೊಸ ಮನೆಯ ಪಾಯಿಂಟ್ ಗುರುತು ಮಾಡೋ ದಿನ ಅಮ್ಮನನ್ನೂ ಸೈಟಿಗೆ ಕರೆದುಕೊಂಡು ಹೋಗಿದ್ದೆ. ಎಲೆಕ್ಟ್ರಿಷಿಯನ್ ಹುಡುಗ ಸೀಮೆಸುಣ್ಣ ಹಿಡಿದು, "ಅಮ್ಮ, ನಿಮ್ಮ ಸ್ವಿಚ್ ಎಲ್ಲಿ ಬೇಕು?" ಅಂದ. ಮಂಚ ಬರೋ ಜಾಗದಲ್ಲಿ ಒಂದು ಸಿಮೆಂಟ್ ಮೂಟೆ ಎಳೆಸಿಕೊಂಡು ಕೂತಳು. ಕಣ್ಣು ಮುಚ್ಚಿ ಗೋಡೆಗೆ ಕೈ ಚಾಚಿ, "ಕತ್ತಲಲ್ಲಿ ನನ್ನ ಕೈ ಇಲ್ಲಿಗೆ ಬರುತ್ತೆ, ಇಲ್ಲೇ ಇಡು ಕಣಪ್ಪ" ಅಂದಳು. ಅವನು ಅವಳ ಬೆರಳು ತಾಗಿದ ಕಡೆಗೇ ಗೀಟು ಎಳೆದ.

ಆ ಗೀಟಿನ ಮೇಲೆ ಈಗ ಬಾಕ್ಸ್ ಕೂತಿದೆ. ಒಳಗೆ ನ್ಯೂಟ್ರಲ್ಲೂ ಇದೆ. ಅಲ್ಲಿಗೆ ಮುಂದೆ ಏನೇನು ಮಾಡ್ಯೂಲ್ ಬರುತ್ತೋ ಕಾಲ ಹೇಳುತ್ತೆ. ಸೆಲ್ಲೋಟೇಪ್ ಮಾತ್ರ ಬರಲ್ಲ.