ಒಂದು ಕೀಲಿಮಣೆ, ಹಲವು ಗಣಕಗಳು

ತುಂಗಭದ್ರೆಯ ತೀರದಿಂದ ನಾಗನದಿಯ ತೀರಕ್ಕೆ ಬಂದು ನಾಗಪುರದಲ್ಲಿ ಕನ್ನಡ ಕಲಿಸುತ್ತಿರುವ ನಮಗೆ ಮಿತವ್ಯಯವು ಹೊಸ ಪಾಠವಲ್ಲ. ಆದುದರಿಂದ, ಒಂದೇ ಕೀಲಿಮಣೆ, ಒಂದೇ ಮೌಸಿನಿಂದ ಹಲವು ಗಣಕಯಂತ್ರಗಳನ್ನು ನಡೆಸಬಹುದೆಂದು ತಿಳಿದಾಗ ನಮಗಾದ ಹರ್ಷ ಅಷ್ಟಿಷ್ಟಲ್ಲ.

2001ರಲ್ಲಿ ಹೊರಬಂದ ಸಿನರ್ಜಿ, 2011ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯಿಂದ ಬಂದ ಮೌಸ್ ವಿದೌಟ್ ಬಾರ್ಡರ್ಸ್ ಮೊದಲಾದ ತಂತ್ರಾಂಶಗಳು ಈ ಕಾರ್ಯವನ್ನು ಸಾಧಿಸುತ್ತವೆ. ಬಾಣದ ಗುರುತು ಒಂದು ಪರದೆಯ ಅಂಚನ್ನು ದಾಟಿದೊಡನೆ ಪಕ್ಕದ ಗಣಕದಲ್ಲಿ ಕಾಣಿಸಿಕೊಳ್ಳುತ್ತದೆ. ಒತ್ತಿದ ಅಕ್ಷರಗಳೂ ಜಾಲದ ಮೂಲಕ ಅಲ್ಲಿಗೇ ಸಾಗುತ್ತವೆ. ಎರಡನೆಯ ತಂತ್ರಾಂಶವು ನಾಲ್ಕು ಗಣಕಗಳವರೆಗೆ ಜೋಡಿಸಬಲ್ಲದು. ಒಂದರಲ್ಲಿ ಅಂಕಪಟ್ಟಿಯನ್ನೂ ಇನ್ನೊಂದರಲ್ಲಿ ವಾರ್ಷಿಕ ಸಂಚಿಕೆಯ ಪುಟಗಳನ್ನೂ ತೆರೆದಿಟ್ಟುಕೊಂಡ ಅಧ್ಯಾಪಕರಿಗೆ ಇದು ವರವೇ ಸರಿ.

ಆದರೆ ಕೆಲವು ಕೀಲಿಮಣೆಗಳು ಕೆಟ್ಟುಹೋದಾಗ ನಾವು ಇದೇ ಉಪಾಯವನ್ನು ಮಕ್ಕಳ ಕೊಠಡಿಗೂ ತಂದೆವು. ಅಲ್ಲಿ ನಾವು ಎಡವಿದೆವು. ಮೂರು ಗಣಕಗಳ ಮುಂದೆ ಮೂವರು ಕುಳಿತಿದ್ದರೂ ಕೆಲಸ ನಡೆಸಿದವನು ಮೌಸ್ ಹಿಡಿದವನೊಬ್ಬನೇ. “ನನ್ನ ಪರದೆಗೆ ಬಾಣ ಯಾವಾಗ ಬರುತ್ತದೆ, ಗುರುಗಳೇ?” ಎಂದು ಬಾಲಕಿಯೊಬ್ಬಳು ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಅವಳು ತನ್ನ ಹೆಸರನ್ನೂ ಮೂಡಿಸದೆ ಎದ್ದು ಹೋದಳು.

ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಕೆಂಟಾರೊ ಟೊಯಾಮಾ ಮೊದಲಾದವರು ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಹಿಡಿದರು. ಗಣಕವೊಂದರ ಸುತ್ತ ಹಲವು ಮಕ್ಕಳು ನೆರೆದಾಗ ಒಬ್ಬನೇ ಮೌಸನ್ನು ವಶಪಡಿಸಿಕೊಳ್ಳುವುದನ್ನು ಕಂಡು, ಒಂದೇ ಗಣಕಕ್ಕೆ ಹಲವು ಮೌಸುಗಳನ್ನು ಜೋಡಿಸಿ, ಪ್ರತಿಯೊಂದಕ್ಕೂ ಬೇರೆ ಬಾಣವನ್ನು ಕೊಟ್ಟು, 2006ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮರುವರ್ಷ ಪ್ರಕಟವಾದ ಪ್ರಯೋಗದಲ್ಲಿ, ಮೊದಲು ಒತ್ತಿದವನೇ ಗೆಲ್ಲುವ ಆಟಕ್ಕಿಂತ ಎಲ್ಲರೂ ಉತ್ತರ ಒತ್ತಿದ ಮೇಲೆಯೇ ಮುಂದುವರಿಯುವ ಆಟವು ಕಲಿಕೆಗೆ ಹೆಚ್ಚು ಒದಗಿತು.

ಮನೆಯ ಹೊಸ್ತಿಲು ದಾಟಿದರೆ ಮರಾಠಿ, ಹಿಂದಿಗಳನ್ನೇ ಕೇಳುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಬೆರಳಾಡಿಸುವ ಅವಕಾಶ ವಿರಳ. ವಾರದ ಆ ಒಂದು ಅವಧಿಯನ್ನೂ ಒಬ್ಬನ ಕೈಗೆ ಒಪ್ಪಿಸುವುದು ಮಿತವ್ಯಯವಲ್ಲ, ನಷ್ಟ. ಹಂಚಿಕೆಯ ಕೀಲಿಮಣೆ ಅಧ್ಯಾಪಕರ ಮೇಜಿನ ಮೇಲಿರಲಿ. ಮಕ್ಕಳ ಪ್ರತಿಯೊಂದು ಗಣಕಕ್ಕೂ ಅದರದೇ ಕೀಲಿಮಣೆ ಬರಲಿ. ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇದು ದೊಡ್ಡ ಮಾತಲ್ಲ. ಅಲ್ಲಿಯವರೆಗೆ ಗಡಿಯಾರ ನೋಡಿ ಸರದಿ ನಡೆಸೋಣ. ಮೊದಲ ಸರದಿ ಆ ಬಾಲಕಿಯದು.