ಹಳೇ ಕೋಡಿಗೊಂದು ಬೋರ್ಡು ಹಾಕಿ

ಫೆಸ್ಟ್ ಹತ್ತಿರ ಬಂತು ಅಂದ್ರೆ ವೆಬ್‌ಸೈಟ್ ಟೀಮಿನಲ್ಲಿ ಒಂದು ಜಗಳ ಖಾಯಂ. ಪಾಸಾಗಿ ಹೋದ ಸೀನಿಯರ್‌ಗಳು ಬಿಟ್ಟುಹೋದ ಸ್ಟೈಲ್‌ಶೀಟ್ ತೆರೆದರೆ ಸಾವಿರಾರು ಸಾಲು. ಅದರಲ್ಲಿ ಯಾವುದು ಜೀವಂತ, ಯಾವುದು ಸತ್ತಿದೆ ಅಂತ ಯಾರಿಗೂ ಗೊತ್ತಿಲ್ಲ. ಒಬ್ಬ ‘ಎಲ್ಲಾ ಡಿಲೀಟ್ ಮಾಡು’ ಅಂತಾನೆ. ಇನ್ನೊಬ್ಬಳು ‘ಮುಟ್ಟಬೇಡ ಮಾರಾಯ, ಏನಾದ್ರೂ ಒಡೆದುಹೋದೀತು’ ಅಂತಾಳೆ. ನನ್ನ ಪ್ರಕಾರ ಇಬ್ಬರದೂ ತಪ್ಪು. ಹಳೆಯದನ್ನು ಹೇಳದೆ ಕೇಳದೆ ಅಳಿಸಲೂ ಬಾರದು, ಸುಮ್ಮನೆ ಬಿಡಲೂ ಬಾರದು. ಅದಕ್ಕೊಂದು ಬೋರ್ಡು ಹಾಕಬೇಕು. ಪ್ರೋಗ್ರಾಮರ್‌ಗಳು ಇದನ್ನೇ ಡಿಪ್ರಿಕೇಟ್ ಮಾಡೋದು ಅನ್ನುತ್ತಾರೆ. ಅಂದರೆ: ಇದು ಇನ್ನೂ ಕೆಲಸ ಮಾಡುತ್ತದೆ, ಆದರೆ ಹೊಸದಾಗಿ ಬಳಸಬೇಡಿ, ಮುಂದೆ ತೆಗೆಯುತ್ತೇವೆ.

ಸಾಸ್ ಭಾಷೆ ತನ್ನದೇ ‘ಇಂಪೋರ್ಟ್’ ವಿಷಯದಲ್ಲಿ ಮಾಡಿದ್ದು ನೋಡಿ. ಇಂಪೋರ್ಟ್ ಮಾಡಿದ ಫೈಲಿನ ವೇರಿಯೇಬಲ್, ಮಿಕ್ಸಿನ್ ಎಲ್ಲವೂ ಗ್ಲೋಬಲ್ ಆಗಿಬಿಡುತ್ತಿದ್ದವು, ಹೆಸರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. 2019ರಲ್ಲಿ ಬದಲಿಯಾಗಿ ‘ಯೂಸ್’ ಬಂತು. ಆದರೆ ಅವತ್ತೇ ಇಂಪೋರ್ಟ್ ಕಿತ್ತುಹಾಕಲಿಲ್ಲ. ಐದು ವರ್ಷ ಎರಡೂ ಜೊತೆಗಿದ್ದವು. 2024ರ ಅಕ್ಟೋಬರಿನಲ್ಲಿ, ಡಾರ್ಟ್ ಸಾಸ್ 1.80.0ರಲ್ಲಿ, ಎಚ್ಚರಿಕೆ ಕೊಡಲು ಶುರು ಮಾಡಿದರು. 3.0.0ರಲ್ಲಿ ತೆಗೆಯುತ್ತೇವೆ ಅಂತಲೂ ಹೇಳಿದರು. ಹಳೇ ಫೈಲುಗಳನ್ನು ಬದಲಾಯಿಸಿಕೊಡುವ ಟೂಲನ್ನೂ ಕೊಟ್ಟರು. ಏಕೆ ಬೇಡ, ಬದಲಿಗೆ ಏನು, ಯಾವಾಗ ಹೋಗುತ್ತದೆ: ಮೂರಕ್ಕೂ ಉತ್ತರ ಇತ್ತು.

ನಾವೂ ಇಷ್ಟು ಮಾಡಬಹುದು. ಸಾಸ್‌ನಲ್ಲಿ ‘ವಾರ್ನ್’ ಅನ್ನೋ ಸೌಲಭ್ಯ ಇದೆ. ಹಳೇ ಮಿಕ್ಸಿನ್ ಒಳಗೆ ಒಂದು ಸಾಲು ಬರೆದಿಡಿ: ‘ಇದನ್ನು ಬಳಸಬೇಡಿ, ಹೊಸ ಬಟನ್ ಮಿಕ್ಸಿನ್ ಬಳಸಿ, ಈ ಫೆಸ್ಟ್ ಮುಗಿದ ಮೇಲೆ ತೆಗೆಯುತ್ತೇವೆ.’ ಯಾರಾದರೂ ಆ ಮಿಕ್ಸಿನ್ ಕರೆದರೆ ಕಂಪೈಲ್ ಆಗುವಾಗ ಆ ಮಾತು ಕಾಣುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ಇಡೀ ಸೈಟ್ ಕಂಪೈಲ್ ಆದರೂ ಎಚ್ಚರಿಕೆ ಬರಲಿಲ್ಲವೇ? ಹಾಗಿದ್ದರೆ ಅದನ್ನು ಯಾರೂ ಕರೆಯುತ್ತಿಲ್ಲ, ಧೈರ್ಯವಾಗಿ ಅಳಿಸಿ. ಬರೀ ಸಿಎಸ್‌ಎಸ್‌ನಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಕಾಮೆಂಟೇ ಗತಿ, ಹುಡುಕುವ ಕೆಲಸವೂ ನಮ್ಮದೇ.

‘ಇಷ್ಟೆಲ್ಲಾ ಯಾಕೆ, ಒಂದು ಸಾಲು ತಾನೇ’ ಅನ್ನಬೇಡಿ. ಕನ್ನಡದ ಹಳೇ ವೆಬ್ ಪುಟಗಳಲ್ಲಿ ಆ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ. ಯೂನಿಕೋಡ್‌ಗಿಂತ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯದ ಒಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಸ್ಟೈಲ್‌ಶೀಟಿನಲ್ಲಿ ಫಾಂಟಿನ ಹೆಸರಿರುವ ಸಾಲು ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ‘ಇದು ಹಳೇ ಫಾಂಟು’ ಅಂತ ಆ ಸಾಲು ಅಳಿಸಿದರೆ ಇಡೀ ಲೇಖನ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹಾಗಂತ ಶಾಶ್ವತವಾಗಿ ಇಟ್ಟುಕೊಂಡರೆ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೆ ಆ ಲೇಖನ ಸಿಗುವುದೇ ಇಲ್ಲ. ಸರಿಯಾದ ದಾರಿ ಒಂದೇ: ಮೊದಲು ಗುರುತು ಹಾಕಿ, ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸಿ, ಆಮೇಲೆ ಸಾಲು ತೆಗೆಯಿರಿ.

ಯೂನಿಕೋಡ್ ಕೂಡ ಗುರುತು ಹಾಕುವುದರಲ್ಲೇ ನಂಬಿಕೆ ಇಟ್ಟಿದೆ. ಹಳಗನ್ನಡದ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ‘ಕನ್ನಡ ಲೆಟರ್ ಎಫ್‌ಎ’ ಅಂತ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನೋದು ಅವರ ನಿಯಮ. ಅದಕ್ಕೆ ಹಳೇ ಹೆಸರು ಹಾಗೇ ಇಟ್ಟು, ಪಕ್ಕದಲ್ಲಿ ಸರಿಯಾದ ಹೆಸರು ಬರೆದರು. ತಪ್ಪೂ ಉಳಿಯಿತು, ಓದುವವರಿಗೆ ದಾರಿಯೂ ಸಿಕ್ಕಿತು.

ನಮ್ಮ ಮಲೆನಾಡನ್ನೇ ನೋಡಿ. ಕೆಳದಿ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೋಯ್ತು. ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಗಳು ಇವತ್ತಿಗೂ ನಿಂತಿವೆ, ಇದು ಯಾವುದು ಅಂತ ಯಾರೂ ಕೇಳಬೇಕಿಲ್ಲ. ಅದೇ ಅರಸರ ಕವಲೇದುರ್ಗ ಹತ್ತಿ ಅರಮನೆಯ ಅಡಿಪಾಯದ ನಡುವೆ ನಿಂತುಕೊಳ್ಳಿ. ತಿಳಿದವರು ಜೊತೆಗಿಲ್ಲದಿದ್ದರೆ ಯಾವುದು ಪಡಸಾಲೆ, ಯಾವುದು ಅಡುಗೆಮನೆ ಅಂತ ಊಹಿಸುತ್ತಾ ನಡೆಯಬೇಕು. ನಮ್ಮ ಜೂನಿಯರ್‌ಗಳ ಪಾಡೂ ಇದೇ. ಕೋಡು ಸಿಗುತ್ತದೆ, ಅದನ್ನು ಬರೆದವರು ಸಿಗುವುದಿಲ್ಲ.

‘ಎಚ್ಚರಿಕೆ ಹಾಕಿದರೂ ಯಾರು ಓದ್ತಾರೆ?’ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಟರ್ಮಿನಲ್ ತುಂಬಾ ಹಳದಿ ಸಾಲು ಬಂದರೆ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ಬದಲಿ ಏನು ಅಂತ ಹೇಳದ, ಗಡುವಿಲ್ಲದ ಎಚ್ಚರಿಕೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಇಡಬೇಕಾಗಿಯೂ ಇಲ್ಲ. ಹಾಗಾಗಿ ಗಡುವು ಬರೆಯಿರಿ, ಗಡುವು ಬಂದ ದಿನ ನಿಜವಾಗಿಯೂ ಅಳಿಸಿ. ಒಮ್ಮೆ ಮಾತು ಉಳಿಸಿಕೊಂಡರೆ ಮುಂದಿನ ಎಚ್ಚರಿಕೆಯನ್ನು ಟೀಮು ಓದುತ್ತದೆ.

ಫೈನಲ್ ಇಯರ್‌ನವರಿಗೆ ಒಂದೇ ಕೋರಿಕೆ. ಹೋಗುವ ಮುಂಚೆ ಪಾಸ್‌ವರ್ಡ್ ಕೊಟ್ಟರೆ ಸಾಲದು. ಒಂದು ಸಂಜೆ ಕೂತು, ನೀವೇ ಬರೆದ ಸ್ಟೈಲ್‌ಶೀಟಿನಲ್ಲಿ ಇನ್ನು ಬೇಡವಾದ ಕೋಡಿನ ಮೇಲೆ ಆ ಮೂರು ಉತ್ತರ ಬರೆದು ಹೋಗಿ.